ಒಗ್ಗರಣೆ ನಿಂತ ಮನೆ

ಬಿಸಿ ಕೊಬ್ಬರಿ ಎಣ್ಣೆಯ ವಾಸನೆ ಎಂದರೆ ನನಗೆ ಇಂದಿಗೂ ಭಾನುವಾರದ ಬೆಳಗು. ಅವ್ವ ಹಿತ್ತಾಳೆಯ ಸೌಟಿನಲ್ಲಿ ನಾಲ್ಕು ಹನಿ ಕಾಯಿಸಿ, ಅಂಗೈಗೆ ಸುರಿದುಕೊಂಡು ನನ್ನ ನೆತ್ತಿಗೆ ತಟ್ಟುತ್ತಿದ್ದಳು. ಅದು ತಲೆಯ ವಾಸನೆ, ಹೊಟ್ಟೆಯ ವಾಸನೆಯಲ್ಲ. ಸೋಲಾಪುರದ ನಮ್ಮ ಅಡುಗೆಮನೆಗಳಲ್ಲಿ ಒಲೆ ಏರುತ್ತಿದ್ದುದು ಶೇಂಗಾ ಎಣ್ಣೆ, ಇಲ್ಲವೆ ಗಾಣದ ಕುಸುಬಿ ಎಣ್ಣೆ. ಆದ್ದರಿಂದ ಸಾವಿರದ ಒಂಬೈನೂರ ಐವತ್ತನಾಲ್ಕರ ಡಿಸೆಂಬರಿನ ಒಂದು ಗುರುವಾರ ಸಂಜೆ ಎದುರಿನ ಗೊಲ್ಲಾಳಪ್ಪ ಕಾಕಾನ ಮನೆಯಿಂದ ಆ ವಾಸನೆ, ಸಾಸಿವೆ ಬೆಳ್ಳುಳ್ಳಿ ಸಿಡಿದ ವಾಸನೆಯೊಂದಿಗೆ ಕೂಡಿ ಬಂದಾಗ, ಅವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿ, "ಯಾರ ತೆಲಿ ಹುರ್ಯಾಕತ್ತಾರ ಅಲ್ಲಿ?" ಎಂದಳು.

ಗೊಲ್ಲಾಳಪ್ಪ ಕಾಕಾ ನನ್ನ ಅಪ್ಪನ ತಮ್ಮ. ವಿಜಾಪುರ ರಸ್ತೆಯ ಒಂದೇ ವಾಡೆಯಲ್ಲಿ, ಅಂದರೆ ಒಂದೇ ಅಂಗಳದ ವಠಾರದಲ್ಲಿ, ನಮ್ಮ ಎರಡು ಮನೆಗಳು ಎದುರುಬದುರಾಗಿದ್ದವು. ನಮ್ಮ ಮನೆತನದವರು ಮಂದ್ರೂಪ ಎಂಬ ಹಳ್ಳಿಯಲ್ಲಿ ಬಿರೋಬಾ ದೇವರ ಹೆಸರು ಹೇಳಿ ಕುರಿ ಕಾಯ್ದುಕೊಂಡು, ಜೋಳ ಬೆಳೆದುಕೊಂಡು ಇದ್ದವರು. ಅವರಲ್ಲಿ ಕಾಕಾ ಒಬ್ಬನೇ ಸರ್ಕಾರಿ ಕಚೇರಿಯ ಕಾರಕೂನನಾಗಿದ್ದ. ಆದರೆ ಹಂಗಾಮಿ. ಒಂಬತ್ತು ವರ್ಷ ಹಂಗಾಮಿಯಾಗಿದ್ದವನನ್ನು ಕಾಯಂ ಮಾಡುವ ಕಾಗದ ಕೊನೆಗೂ ಬಂದಿತ್ತು. ಅದಕ್ಕೆ ಸರ್ಕಾರಿ ದವಾಖಾನೆಯ ಸರ್ಟಿಫಿಕೇಟು ಬೇಕು, ಸರ್ಟಿಫಿಕೇಟಿಗೆ ನೂರಾ ಐದು ಪೌಂಡು ತೂಕ ಬೇಕು. ಕಾಕಾ ಕೋಟಿನ ಸಮೇತ ತೊಂಬತ್ತೆಂಟು ತೂಗಿದ.

"ಜಿಡ್ಡು ತಿನ್ನಿ, ಆರು ವಾರ ಬಿಟ್ಟು ಬನ್ನಿ" ಎಂದು ಡಾಕ್ಟರರು ಕಳಿಸಿದರು. ಎರಡನೆಯ ಸಲವೂ ಕಡಿಮೆ ಬಿದ್ದರೆ ಆ ಜಾಗ ಬೇರೆಯವನಿಗೆ ಹೋಗುತ್ತಿತ್ತು, ಕಾಕಾ ಮಂದ್ರೂಪದ ಬಸ್ಸು ಹತ್ತಬೇಕಾಗುತ್ತಿತ್ತು. ಅಲ್ಲಿ ಕುರಿ ಕಾಯುವ ಕೆಲಸ ಕಾಯಂ ಆಗಿಯೇ ಕಾದಿತ್ತು, ಆದರೆ ಕಾಕಾನಿಗೆ ಚಿಕ್ಕಂದಿನಿಂದಲೂ ಟಗರೆಂದರೆ ಹೆದರಿಕೆ.

ಡಾಕ್ಟರರು ಯಾವ ಜಿಡ್ಡು ಎಂದು ಹೇಳಲಿಲ್ಲ. ಅನರ್ಥವೆಲ್ಲ ಅಲ್ಲಿಂದಲೇ ಶುರುವಾಯಿತು. ಕಚೇರಿಗೆ ಕಾರವಾರದ ಕಡೆಯಿಂದ ವರ್ಗವಾಗಿ ಬಂದ ಒಬ್ಬ ಟೈಪಿಸ್ಟ್ ಇದ್ದರು. ಐವತ್ತನಾಲ್ಕು ವರ್ಷ, ಕಪ್ಪು ಕೂದಲು, ಮೂವತ್ತೆರಡು ಹಲ್ಲು. ಕುರ್ಚಿ ಅವರನ್ನು ಕಷ್ಟಪಟ್ಟು ಹಿಡಿಸಿಕೊಳ್ಳುತ್ತಿತ್ತು. ಗುಟ್ಟೇನು ಎಂದು ಕಾಕಾ ಕೇಳಿದ. ಗುಟ್ಟೇನೂ ಇಲ್ಲ, ನಮ್ಮಲ್ಲಿ ಎಲ್ಲ ಅಡುಗೆಯೂ ಕೊಬ್ಬರಿ ಎಣ್ಣೆಯಲ್ಲೇ, ನನ್ನ ಅಜ್ಜ ತೊಂಬತ್ತರಲ್ಲಿ ತೆಂಗಿನ ಮರ ಹತ್ತುತ್ತಿದ್ದ ಎಂದರು ಅವರು. ಅವರ ಅಜ್ಜ ಮೀನು, ಅನ್ನ, ಸೊಪ್ಪು ಸಹ ತಿನ್ನುತ್ತಿದ್ದಿರಬೇಕು. ಕಾಕಾ ಅದನ್ನು ಕೇಳಲಿಲ್ಲ.

ಮರುದಿನದಿಂದ ಕಾಕಾನ ಮೇಜಿನ ಖಾನೆಯಲ್ಲಿ ಒಂದು ಎಣ್ಣೆಯ ಬಾಟಲಿ ಸೇರಿತು. ಊಟಕ್ಕೆ ಮುಂಚೆ ಎರಡು ಚಮಚೆ, ಊಟದ ನಂತರ ಎರಡು. ಚಳಿಗಾಲವಾದ್ದರಿಂದ ಎಣ್ಣೆ ಸುಣ್ಣದಂತೆ ಹೆಪ್ಪುಗಟ್ಟಿರುತ್ತಿತ್ತು. ಅದನ್ನು ಕರಗಿಸಲು ಕಾಕಾ ಬಾಟಲಿಯನ್ನು ಕೋಟಿನೊಳಗೆ ಕಂಕುಳಲ್ಲಿಟ್ಟುಕೊಂಡು ಒಂದೇ ಕೈಯಲ್ಲಿ ಕಾಗದಗಳಿಗೆ ಶಿಕ್ಕಾ ಒತ್ತುತ್ತಿದ್ದ. ಹೆಡ್‌ಕ್ಲಾರ್ಕರು ಇವನಿಗೆ ದಿನಾ ಜ್ವರ ಬರುತ್ತಿದೆ, ಥರ್ಮಾಮೀಟರ್ ಇಟ್ಟುಕೊಂಡು ಕೂರುತ್ತಾನೆ ಎಂದು ಕನಿಕರಪಟ್ಟು ಅವನ ಕೆಲಸದಲ್ಲಿ ಅರ್ಧ ತಾವೇ ಮಾಡತೊಡಗಿದರು. ಅವರು ಒಳ್ಳೆಯವರು. ಒಳ್ಳೆಯವರಿಂದಲೇ ಈ ಕಥೆಯಲ್ಲಿ ಹೆಚ್ಚಿನ ತೊಂದರೆಯಾಯಿತು.

ತಿಂಗಳಾದ ಮೇಲೆ ಬೆಲ್ಲದ ಅಂಗಡಿಯ ತಕ್ಕಡಿಯಲ್ಲಿ ಕಾಕಾ ನೂರಾ ಮೂರೂವರೆ ತೂಗಿದ. ಆ ಧೈರ್ಯದಲ್ಲಿ ಗುರುವಾರ ಎಣ್ಣೆಯನ್ನು ಮನೆಗೇ ತಂದು, ಕಾಕು ಗುಡಿಗೆ ಹೋದಾಗ ತಾನೇ ಬದನೆಕಾಯಿಗೆ ಒಗ್ಗರಣೆ ಹಾಕಿದ.

ಕಾಕು, ಅಂದರೆ ಅವನ ಹೆಂಡತಿ ತುಳಜಾಬಾಯಿ, ಅಕ್ಕಲಕೋಟದ ಪೀರಪ್ಪನ ಮಗಳು. ಮಾತು ಕಡಿಮೆ, ಹಟ ಜಾಸ್ತಿ. ಅವಳು ಬಂದವಳೇ ಬಾಣಲೆಯನ್ನು ಅಂಗಳಕ್ಕೆ ಒಯ್ದು ಬೂದಿ ಹಾಕಿ ತಿಕ್ಕತೊಡಗಿದಳು.

"ಕಾರವಾರದ ಮಂದಿ ಇದರಾಗ ಮೀನಾ ಕರೀತಾರ, ಭಾಜಿ ಮಾಡ್ತಾರ" ಎಂದ ಕಾಕಾ. "ಅವರೇನ ಸತ್ತಾರ?"

"ಅವರು ಮಾಡ್ಲಿ. ನಮ್ಮವ್ವ ತೆಲಿಗೆ ಹಚ್ಚಿದ್ದನ್ನ ನಾ ಬಾಯಿಗೆ ಹಚ್ಚೂದಿಲ್ಲ. ಈ ಎಣ್ಣಿ ನನ್ನ ಒಲಿ ಏರೂದಿಲ್ಲ."

"ಹಂಗಾದರ ಬ್ಯಾರೆ ಎಣ್ಣೀನೂ ಏರಬಾರದು."

"ಬ್ಯಾಡ."

"ಬ್ಯಾಡ ಅಂದರ ಬ್ಯಾಡ."

ಹೀಗೆ ಆ ಮನೆಯಲ್ಲಿ ಒಗ್ಗರಣೆ ನಿಂತಿತು. ಶುಕ್ರವಾರ ಅಪ್ಪ ಅವ್ವ ಹೊಲದ ಕೆಲಸಕ್ಕೆಂದು ಮಂದ್ರೂಪಕ್ಕೆ ಹೋದರು. ಹನ್ನೊಂದು ವರ್ಷದ ನನ್ನನ್ನು, ಶಾಲೆ ತಪ್ಪಬಾರದೆಂದು, ಕಾಕಾನ ಮನೆಯಲ್ಲಿ ಬಿಟ್ಟರು. ಮೂರು ದಿನ ನಾವು ಬೇಯಿಸಿದ ಬೇಳೆ, ಉಪ್ಪು, ಒಣ ರೊಟ್ಟಿ ತಿಂದೆವು. ಕಾಕಾ ತನ್ನ ರೊಟ್ಟಿಯ ಮೇಲೆ ಕೊಬ್ಬರಿ ಎಣ್ಣೆ ಸುರಿದುಕೊಂಡು, ರುಚಿಯಾಗಿದೆ ಎಂಬ ಮುಖ ಮಾಡಿ ನುಂಗುತ್ತಿದ್ದ. ಶನಿವಾರ ಅವನ ಬಾಟಲಿ ಮುಗಿದು, ಗೂಡಿನಲ್ಲಿದ್ದ ಕಾಕುವಿನ ತಲೆಯೆಣ್ಣೆಯನ್ನೂ ಸುರಿದುಕೊಂಡ. ಕಾಕು ಆ ಭಾನುವಾರ ಒಣಗೂದಲಲ್ಲೇ ಜಡೆ ಹಾಕಿಕೊಂಡಳು.

ಈಗ ನಮ್ಮ ಕಡೆಯ ಒಂದು ರೀತಿಯನ್ನು ಹೇಳಬೇಕು. ಸಾವಾದ ಮನೆಯಲ್ಲಿ ಸೂತಕ ಕಳೆಯುವವರೆಗೆ ಒಗ್ಗರಣೆ ಹಾಕುವುದಿಲ್ಲ, ಹೆಂಗಸರು ತಲೆಗೆ ಎಣ್ಣೆ ಇಡುವುದಿಲ್ಲ. ಬಾಯಿಬಿಟ್ಟು ಯಾರೂ ಏನೂ ಕೇಳಬೇಕಾಗಿಲ್ಲ. ಒಗ್ಗರಣೆಯ ಸಪ್ಪಳ ಕೇಳಿಸದಿದ್ದರೆ ಅಕ್ಕಪಕ್ಕದವರು ತಾವಾಗಿಯೇ ರೊಟ್ಟಿ ಪಲ್ಯ ಮಾಡಿಕೊಂಡು ಬರುತ್ತಾರೆ.

ವಾಡೆಯ ಮೂಲೆಮನೆಯ ಕಸ್ತೂರಬಾಯಿಯ ಕಿವಿ, ಮೂಗು ಎರಡೂ ಚುರುಕು. ಮೂರು ದಿನ ಒಗ್ಗರಣೆಯ ಚಟಚಟ ಇಲ್ಲ. ತುಳಜಾಬಾಯಿಯ ತಲೆ ಒಣಗಿದೆ, ಮುಖ ಬಾಡಿದೆ. ಎದುರಿನ ಭಾವನ ಮನೆಗೆ ಕೀಲಿ ಬಿದ್ದಿದೆ. ಅಕ್ಕಲಕೋಟದ ಪೀರಪ್ಪನಿಗೆ ಕೆಮ್ಮು ಎಂದು ಹೋದ ತಿಂಗಳು ಯಾರೋ ಹೇಳಿದ್ದರು. ಅವಳು ನನ್ನನ್ನು ನಳದ ಹತ್ತಿರ ನಿಲ್ಲಿಸಿ, "ಮನ್ಯಾಗ ಏನಾಗೇದವ್ವಾ?" ಎಂದು ಮೆಲ್ಲಗೆ ಕೇಳಿದಳು.

"ಕಾಕಾ ಯಾರಿಗೂ ಹೇಳಬ್ಯಾಡ ಅಂದಾನ್ರಿ" ಎಂದೆ. ತಲೆಯೆಣ್ಣೆ ಕುಡಿಯುವ ಸುದ್ದಿ ಹೊರಗೆ ಹೋದರೆ ವಾಡೆ ನಗುತ್ತದೆಂದು ಕಾಕಾ ನನ್ನಿಂದ ಆಣೆ ಮಾಡಿಸಿಕೊಂಡಿದ್ದ.

ಕಸ್ತೂರಬಾಯಿ ನನ್ನ ತಲೆ ಸವರಿದಳು. ಸಂಜೆ ರೊಟ್ಟಿಯ ಬುಟ್ಟಿ ಹಿಡಿದು, ಗಂಡ ಭೀಮಣ್ಣನನ್ನು ಕರೆದುಕೊಂಡು ಬಂದಳು. ಭೀಮಣ್ಣ ಕಾಕಾನ ಕಚೇರಿಯಲ್ಲೇ ಪಟ್ಟೇವಾಲ, ಅಂದರೆ ಜವಾನ. ಅವನು ಹೊರಗೆ ಕಟ್ಟೆಯ ಮೇಲೆ ಕಾಕಾನ ಪಕ್ಕ ಕೂತು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ತಡಕೋಬೇಕ್ರಿ ಸಾಹೇಬ್ರ."

"ಹೂಂ" ಎಂದ ಕಾಕಾ, ಇವನಿಗೂ ಎಣ್ಣೆಯ ಸುದ್ದಿ ಗೊತ್ತಾಗಿದೆ ಎಂದುಕೊಂಡು. "ಮೊದಲ ಭಾಳ ತ್ರಾಸಾತು. ಗಂಟಲದಾಗ ಇಳೀವಲ್ಲದು. ಈಗ ರೂಢಿ ಆಗೇದ."

"ಎಲ್ಲಾರೂ ಒಂದ ದಿನ ಅದೇ ಹಾದಿ ಹಿಡೀಬೇಕಲ್ರಿ."

"ಹಿಡದರ ಛಲೋನ. ಆದರ ನಮ್ಮ ಮಂದಿಗೆ ತಿಳಿಯೂದಿಲ್ಲ ನೋಡು."

ಭೀಮಣ್ಣ ಈ ವೈರಾಗ್ಯ ಕಂಡು ಕಣ್ಣೊರೆಸಿಕೊಂಡ.

ಒಳಗೆ ಕಸ್ತೂರಬಾಯಿ ಕಾಕುವಿನ ಕೈ ಹಿಡಿದುಕೊಂಡು ಕೂತಿದ್ದಳು. ಯಾರಾದರೂ ತನ್ನ ಪಕ್ಷ ಹಿಡಿಯಲಿ ಎಂದು ಮೂರು ದಿನದಿಂದ ಕಾದಿದ್ದ ಕಾಕುವಿಗೆ ಅಳು ಬಂದೇಬಿಟ್ಟಿತು.

"ಎಂಥಾ ಮನಷ್ಯಾ ಇದ್ದ" ಎಂದಳು ಕಸ್ತೂರಬಾಯಿ.

"ಹೌದಕ್ಕಾ, ಮೊದಲ ಛಲೋ ಇದ್ದ. ಎಲ್ಲಾ ಆ ಬಾಟ್ಲಿಯಿಂದ ಆತು."

"ಬಾಟ್ಲಿ ಹಿಡಿದಿದ್ದನ?"

"ತಿಂಗಳಾತು. ಕದ್ದ ಕದ್ದ. ನನಗ ಮೊನ್ನಿ ಗೊತ್ತಾತು."

ಆಗ ಮುಂಬಯಿ ಸರ್ಕಾರದ ದಾರುಬಂದಿ, ಅಂದರೆ ಪಾನನಿಷೇಧ, ಜಾರಿಯಲ್ಲಿತ್ತು. ಕಸ್ತೂರಬಾಯಿ ಸುತ್ತ ನೋಡಿ, ಬಾಗಿಲು ಮುಂದೆ ಮಾಡಿ, "ಇನ್ನ ಯಾರ ಮುಂದೂ ಅನಬ್ಯಾಡ ತಂಗಿ" ಎಂದಳು. ಆಮೇಲೆ ತಾನೇ ನಾಲ್ಕು ಮನೆಗೆ ಹೇಳಿದಳು. ಕಾಕಾ ಮಾತ್ರ ಅವಳು ತಂದ ಪಲ್ಯದಲ್ಲಿ ಶೇಂಗಾ ಎಣ್ಣೆ ಇದೆಯೆಂದು ಮುಟ್ಟಲಿಲ್ಲ. ಮಾವನ ಮೇಲೆ ಎಂಥ ಪ್ರೀತಿ ಎಂದು ವಾಡೆಯಲ್ಲಿ ಅವನ ಗೌರವ ಹೆಚ್ಚಿತು.

ಸೋಮವಾರ ಕಾಕಾ ಕಚೇರಿಗೆ ಹೋಗುವಷ್ಟರಲ್ಲಿ ಭೀಮಣ್ಣ ಸುದ್ದಿ ಮುಟ್ಟಿಸಿಯಾಗಿತ್ತು. ಹೆಡ್‌ಕ್ಲಾರ್ಕರು ಎದ್ದು ನಿಂತರು. ಅವರು ಎದ್ದು ನಿಲ್ಲುತ್ತಿದ್ದುದು ಕಲೆಕ್ಟರರಿಗೆ ಮಾತ್ರ.

"ನೀವ್ಯಾಕ ಬಂದ್ರಿ ಗೊಲ್ಲಾಳಪ್ಪ? ಸೂತಕದಾಗ ದವಾಖಾನಿಗೆ ಹೋಗೂ ಕಾಳಜಿ ಬಿಡ್ರಿ. ನಾಳಿನ ನಿಮ್ಮ ತಪಾಸಣಿ ಜೂನಿಗೆ ಹಾಕ್ರಿ ಅಂತ ನಾನ ಚಿಠ್ಠಿ ಬರದೀನಿ. ಮಧ್ಯಾಹ್ನ ಟಪಾಲಿಗೆ ಹೋಗ್ತದ."

"ಯಾರ ಸೂತಕ್ರಿ?"

"ನಿಮ್ಮ ಮಾವಾಂದು. ಅಕ್ಕಲಕೋಟದಾಗ ಹೋದರಂತಲ್ಲ" ಎಂದು ಅವರು ದನಿ ತಗ್ಗಿಸಿದರು. "ಬಾಟ್ಲಿ ವಿಷಯ ಚಿಠ್ಠಿಯೊಳಗ ಹಾಕಿಲ್ಲ. ಚಿಂತಿ ಮಾಡಬ್ಯಾಡ್ರಿ."

ಕಾಕಾನಿಗೆ ಒಂಬತ್ತು ವರ್ಷದ ನೌಕರಿಯಲ್ಲಿ ಒಂದು ನಂಬಿಕೆ ಬೆಳೆದಿತ್ತು. ಹೊರಗೆ ಹೋಗುವ ಟಪಾಲಿನ ಜಾವಕ ನಂಬರು ಬಿದ್ದ ಕಾಗದದಲ್ಲಿ ಇದ್ದದ್ದು ನಿಜ. ಮಾವ ತೀರಿದ್ದಾನೆ, ಎಣ್ಣೆಯ ಜಗಳದ ಸಿಟ್ಟಿಗೆ ಹೆಂಡತಿ ತನಗೆ ಹೇಳಿಲ್ಲ ಎಂದು ಅವನು ಅಲ್ಲಿಂದಲೇ ಅಳುತ್ತ ಮನೆಗೆ ಬಂದ.

"ಇಷ್ಟ ಸಿಟ್ಟೇನ ತುಳಜಾ? ನಿಮ್ಮಪ್ಪ ಹೋದದ್ದು ಆಫೀಸಿನವರು ನನಗ ಹೇಳಬೇಕೇನ?"

ಕಾಕು ಅವನ ಮುಖ ನೋಡಿದಳು. ಆಫೀಸಿಗೆ ಸುದ್ದಿ ಬಂದಿದೆ ಎಂದರೆ ತಂತಿಯೇ ಬಂದಿರಬೇಕು ಎಂದುಕೊಂಡಳು. ಕಸ್ತೂರಬಾಯಿ ಏಕೆ ರೊಟ್ಟಿ ತಂದಳು ಎಂಬುದು ಅವಳಿಗೆ ಆ ಕ್ಷಣದಲ್ಲಿ ಹೊಳೆಯಿತು, ತಪ್ಪಾಗಿ. ಇಬ್ಬರೂ ಅಳುತ್ತ, ನನ್ನನ್ನೂ ಎಳೆದುಕೊಂಡು, ಮಧ್ಯಾಹ್ನದ ಬಸ್ಸಿಗೆ ಅಕ್ಕಲಕೋಟಕ್ಕೆ ಹೊರಟರು. ಬಸ್ಸಿನಲ್ಲಿ ಗುರುತಿಲ್ಲದ ಒಬ್ಬ ಅಜ್ಜಿ ಕಿಟಕಿಯ ಜಾಗ ಬಿಟ್ಟುಕೊಟ್ಟು, ಕಾಕುವಿನ ಬೆನ್ನ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದಳು. ಏನಾಗಿದೆ ಎಂದು ಒಮ್ಮೆಯೂ ಕೇಳಲಿಲ್ಲ.

ಊರಂಚಿನ ಮನೆ ಕಂಡದ್ದೇ ಕಾಕು ಸೆರಗನ್ನು ಮುಖದ ಮೇಲೆ ಎಳೆದುಕೊಂಡು, "ನನ್ನ ತವರ ಮುಳುಗಿತಲ್ಲೋ ಯಪ್ಪಾ" ಎಂದು ದನಿ ತೆಗೆದಳು.

ಪೀರಪ್ಪ ಅಂಗಳದಲ್ಲಿ ಕೂತು ಕದಿರಿನಲ್ಲಿ ಉಣ್ಣೆ ನೂಲುತ್ತಿದ್ದ. ಮಗಳು ಬೊಬ್ಬೆ ಹಾಕುತ್ತ ಬರುತ್ತಿದ್ದಾಳೆ, ಹಿಂದೆ ಅಳಿಯ ಟೊಪ್ಪಿಗೆ ತೆಗೆದು ಅಳುತ್ತಿದ್ದಾನೆ. ಇಂಥ ಹೊತ್ತಿನಲ್ಲಿ ನಮ್ಮ ಹಿರಿಯರು ಮೊದಲು ಅಳುತ್ತಾರೆ, ಯಾರು ಹೋದರೆಂದು ಕೇಳುವುದು ಆಮೇಲೆ. ಪೀರಪ್ಪ ಕದಿರು ಬಿಸುಟು ಎದೆ ಬಡಿದುಕೊಂಡು ಅಳತೊಡಗಿದ. ಕಾಕು ಸೆರಗಿನೊಳಗಿಂದಲೇ ಅವನ ಕೊರಳಿಗೆ ಬಿದ್ದಳು. ಕಾಕಾ ಟೊಪ್ಪಿಗೆಯಲ್ಲಿ ಮುಖ ಹುದುಗಿಸಿಕೊಂಡು ಅವನ ಕಾಲಿನ ಹತ್ತಿರ ಕೂತ. ಮೂವರೂ ಮನಸಾರೆ ಅತ್ತರು. ನಾನು ಮಾತ್ರ ಪೀರಪ್ಪಜ್ಜನನ್ನೇ ನೋಡುತ್ತ ನಿಂತಿದ್ದೆ. ದೊಡ್ಡವರು ಅಳುವಾಗ ನಡುವೆ ಮಾತಾಡಬಾರದೆಂದು ನನಗೆ ಕಲಿಸಿದ್ದರು.

ಒಳಗಿನಿಂದ ಅಜ್ಜಿ ರೇವಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಯಾರು ಹೋದ್ರು?"

"ನನಗೇನ ಗೊತ್ತು" ಎಂದ ಪೀರಪ್ಪ ಬಿಕ್ಕುತ್ತ. "ಇವರನ್ನ ಕೇಳು."

"ಅಪ್ಪ ಹೋದ" ಎಂದಳು ಕಾಕು.

"ಯಾರಪ್ಪ?"

"ನಮ್ಮಪ್ಪ."

ಪೀರಪ್ಪ ಇನ್ನೆರಡು ಬಿಕ್ಕಳಿಕೆ ಬಿಕ್ಕಿ ನಿಂತ. ಕಾಕು ಸೆರಗು ಸರಿಸಿ ತಾನು ತಬ್ಬಿಕೊಂಡದ್ದು ಯಾರನ್ನೆಂದು ನೋಡಿದಳು. ನೋಡಿ, ಮತ್ತೆ ತಬ್ಬಿಕೊಂಡಳು. ಈ ಸಲದ ಅಳು ಬೇರೆ ತರಹದ್ದು.

ಎಲ್ಲವನ್ನೂ ಬಿಡಿಸಿ ಹೇಳುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಯಿತು. ಪೀರಪ್ಪ ಶಾಂತವಾಗಿ ಕೇಳಿದ. ಬಾಟಲಿಯ ಮಾತು ಬಂದಾಗ ಮಾತ್ರ ನೆಟ್ಟಗೆ ಕೂತ.

"ಸತ್ತೀನಿ ಅಂದದ್ದಕ್ಕ ನನಗ ಸಿಟ್ಟಿಲ್ಲ. ಸಾಯೂದು ಅದ. ಆದರ ಕೊರಳಾಗ ತುಳಸಿಮಾಲಿ ಹಾಕ್ಕೊಂಡು, ಹೆಂಡ ಬಿಟ್ಟು ಇಪ್ಪತ್ತ ವರ್ಷ ಆತು, ಕುಡದ ಸತ್ತೀನಿ ಅಂದರ ಹ್ಯಾಂಗ? ನಾ ಬರ್ತೀನಿ. ಎಲ್ಲದ ನಿಮ್ಮ ಆಫೀಸು?"

ಕಾಕಾನಿಗೆ ಆಗ ತಪಾಸಣೆಯ ನೆನಪಾಯಿತು. ಅದು ಮರುದಿನವೇ ಇತ್ತು. ಜೂನಿನವರೆಗೆ ಆ ಜಾಗ ಅವನಿಗಾಗಿ ಕಾಯುತ್ತಿರಲಿಲ್ಲ.

ಮಂಗಳವಾರ ಮೊದಲ ಬಸ್ಸಿಗೆ ಪೀರಪ್ಪನೂ ಸೇರಿ ನಾವು ನಾಲ್ವರು ಸೋಲಾಪುರಕ್ಕೆ ಬಂದೆವು. ರೇವಮ್ಮಜ್ಜಿ ಕಟ್ಟಿಕೊಟ್ಟ ಬುತ್ತಿಯ ಗಂಟು ಪೀರಪ್ಪನ ಹೆಗಲ ಮೇಲಿತ್ತು. ನೆಟ್ಟಗೆ ಕಚೇರಿಗೇ ಹೋದೆವು. ಹೆಡ್‌ಕ್ಲಾರ್ಕರು ಪೀರಪ್ಪನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಪೀರಪ್ಪ ಅಂದರ ನೀವೇ?"

"ನಾನಽ ರಿ. ಮೂಸಿ ನೋಡ್ರಿ ಬೇಕಾದರ" ಎಂದು ಪೀರಪ್ಪ ಬಾಯಿ ತೆರೆದ.

ಹೆಡ್‌ಕ್ಲಾರ್ಕರು ಮೂಸಿ ನೋಡಲಿಲ್ಲ. ಹಿಂದಿನ ಚಿಠ್ಠಿ ರದ್ದೆಂದು ಹೊಸ ಚಿಠ್ಠಿ ಬರೆದು ಕಾಕಾನ ಕೈಗೆ ಕೊಟ್ಟರು. ಆದರೆ ಸಾಹೇಬರು ಕೇಳಿದರೆ ತೋರಿಸಲು ಬೇಕೆಂದು ಪೀರಪ್ಪನನ್ನು ತಮ್ಮ ಪಕ್ಕದ ಕುರ್ಚಿಯಲ್ಲೇ ಕೂರಿಸಿಕೊಂಡರು. ಚಹಾ ತರಿಸಿಕೊಟ್ಟರು. ಪೀರಪ್ಪನ ಜೊತೆಗೆ ಬುತ್ತಿಯೂ ಅಲ್ಲೇ ಉಳಿಯಿತು. ಹೊತ್ತಾಗಿತ್ತು, ನಮಗೆ ಅದರ ನೆನಪೇ ಆಗಲಿಲ್ಲ.

ದವಾಖಾನೆಯ ಹೊರಕೋಣೆಯಲ್ಲಿ ಒಂದು ಎತ್ತರದ ಕಬ್ಬಿಣದ ತೂಕದ ಯಂತ್ರ. ಅದರ ಪಕ್ಕ ನೆಲದ ಮೇಲೆ ಲಕ್ಷ್ಮೀಬಾಯಿ ಎಂಬ ಆಯಾ ಕೂತಿದ್ದಳು. ಹೆಸರು ಕೂಗುವುದು, ಚಪ್ಪಲಿ ಬಿಡಿಸುವುದು ಅವಳ ಕೆಲಸ. ಕಾಕಾ ಮೇಲೆ ಹತ್ತಿದ. ಡಾಕ್ಟರರು ತೂಕದ ಬಟ್ಟನ್ನು ಅತ್ತಿತ್ತ ಸರಿಸಿ ನೋಡಿದರು.

"ನೂರಾ ಮೂರು."

ಐದು ದಿನದ ಒಗ್ಗರಣೆಯಿಲ್ಲದ ಊಟ ಅರ್ಧ ಪೌಂಡನ್ನು ಹೊತ್ತುಕೊಂಡು ಹೋಗಿತ್ತು.

"ದಿನಾ ನಾಲ್ಕ ಚಮಚೆ ಕೊಬ್ಬರಿ ಎಣ್ಣಿ ತಿಂದೀನ್ರಿ" ಎಂದ ಕಾಕಾ. "ಅದು ಹೊಟ್ಟಿಗೆ ಛಲೋ ಅಲ್ಲೇನ್ರಿ?"

ಡಾಕ್ಟರರು ರತ್ನಾಗಿರಿ ಕಡೆಯವರು, ಮರಾಠಿ ಬೆರೆಸಿ ಕನ್ನಡ ಮಾತಾಡುತ್ತಿದ್ದರು. "ನಮ್ಮ ಆಯಿ, ಅಂದರ ನಮ್ಮವ್ವ, ಎಲ್ಲಾ ಅದರಾಗೇ ಮಾಡ್ತಾಳ. ನನ್ನ ಹೆಂಡತಿ ಇಲ್ಲಿಯವಳು, ಶೇಂಗಾ ಎಣ್ಣಿಲೆ ಮಾಡ್ತಾಳ. ನಾ ಎರಡೂ ಮನ್ಯಾಗ ಉಣ್ತೀನಿ. ಅದು ವಿಷಾನೂ ಅಲ್ಲ, ಅಮೃತಾನೂ ಅಲ್ಲ. ಜಿಡ್ಡು, ಅಷ್ಟ. ಭಾಜಿಗೆ ಹಾಕಿದರ ಭಾಜಿ ಮೈಗೆ ಹತ್ತತದ. ಭಾಜೀನ ಬಿಟ್ಟು ಎಣ್ಣಿ ಕುಡದರ ಏನ ಹತ್ತತದ?" ಆಮೇಲೆ ಕಾಕುವಿನ ಕಡೆ ತಿರುಗಿದರು. "ಮನ್ಯಾಗ ಹೊಟ್ಟಿತುಂಬ ಉಣ್ಣಾಕ ಕೊಡ್ತೀರಿಲ್ಲೊ?"

ಕಾಕು ಸೆರಗು ಸರಿಮಾಡಿಕೊಂಡಳು. "ಐದು ದಿನದಿಂದ ಇಲ್ರಿ" ಎಂದಳು. ಇಡೀ ಪ್ರಕರಣದಲ್ಲಿ ನೆಟ್ಟಗೆ ನಿಜ ಹೇಳಿದವಳು ಅವಳೊಬ್ಬಳೇ.

"ನನ್ನ ಕೈಯಾಗ ಏನಿಲ್ಲ. ಎರಡು ಪೌಂಡು ಕಮ್ಮಿ ಅಂದರ ಕಮ್ಮಿ" ಎಂದರು ಡಾಕ್ಟರರು. ಪೆನ್ನು ತೆರೆದರು, ಫಾರಮಿನ ಮೇಲೆ ಹಿಡಿದರು, ಸ್ವಲ್ಪ ಹೊತ್ತು ಹಾಗೆಯೇ ಹಿಡಿದುಕೊಂಡಿದ್ದರು. ಆಮೇಲೆ ಮುಚ್ಚಿ ಜೇಬಿಗಿಟ್ಟುಕೊಂಡರು. "ವಾರ್ಡಿಗೆ ಹೋಗಿ ಬರ್ತೀನಿ. ಎರಡು ಗಂಟೆಕ್ಕ ಬಂದು ಇನ್ನೊಮ್ಮೆ ನೋಡಿ ಬರಕೋತೀನಿ. ಈ ಯಂತ್ರ ಹಳೇದು." ಯಾರ ಮುಖವನ್ನೂ ನೋಡದೆ ಹೊರಟುಹೋದರು.

ಗಡಿಯಾರದಲ್ಲಿ ಹನ್ನೆರಡೂವರೆ. ಕಾಕಾ ಯಂತ್ರದಿಂದ ಇಳಿದು ಬೆಂಚಿನ ಮೇಲೆ ಕೂತ. ಎರಡು ಗಂಟೆಯವರೆಗೆ ಯಂತ್ರ ತಾನಾಗಿ ಸರಿಹೋಗುತ್ತದೆಯೇ ಎಂದು ಅವನು ಕಾಯುತ್ತಿದ್ದಂತೆ ಕಾಣುತ್ತಿತ್ತು. ಅವನಿಗೆ ಏನೂ ಹೊಳೆದಿರಲಿಲ್ಲ. ಕಾಕುವಿಗೂ ಹೊಳೆಯಲಿಲ್ಲ. ಅವಳು ಅವನ ಪಕ್ಕದಲ್ಲಿ ಕೂತು, ಸರ್ಕಾರಿ ಜಾಗ ಎಂಬುದನ್ನೂ ಮರೆತು, ಅವನ ಕೋಟಿನ ತೋಳು ಹಿಡಿದುಕೊಂಡಿದ್ದಳು.

ಲಕ್ಷ್ಮೀಬಾಯಿ ನೆಲದಿಂದ ಎದ್ದಳು. ಗೂಡಿನಲ್ಲಿದ್ದ ತನ್ನ ಬುತ್ತಿಯನ್ನು ತೆಗೆದು, ಗಂಟು ಬಿಚ್ಚಿ, ಕಾಕಾನ ತೊಡೆಯ ಮೇಲಿಟ್ಟಳು. ನಾಲ್ಕು ದಪ್ಪ ರೊಟ್ಟಿ, ಬಟ್ಟಲು ತುಂಬ ಗಟ್ಟಿ ಬೇಳೆಪಲ್ಯ, ಒಂದು ಈರುಳ್ಳಿ. ಮತ್ತೆ ಹೋಗಿ, ಮೂಲೆಯಲ್ಲಿದ್ದ ದೊಡ್ಡ ತಂಬಿಗೆಯ ತುಂಬ ನೀರು ತಂದು ಅವನ ಕಾಲ ಬಳಿ ಇಟ್ಟಳು. ತೂಕದ ಯಂತ್ರದ ಕಡೆಗೊಮ್ಮೆ, ತಂಬಿಗೆಯ ಕಡೆಗೊಮ್ಮೆ ಗದ್ದ ತೋರಿಸಿ, ತನ್ನ ಜಾಗಕ್ಕೆ ಹೋಗಿ ಗೋಡೆಗೆ ಒರಗಿ ಕೂತಳು.